ಲಿಂಕನ್ ನಗರದಲ್ಲಿ ಒಂದು ದಿನ: ಇನ್ನೂ ದುಡಿಯುತ್ತಿರುವ ಹಳೆಯ ಕಲ್ಲುಗಳು

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡಿಗರು ರಜೆ ಸಿಕ್ಕಾಗ ಹೋಗುವ ಊರುಗಳು ಹೆಚ್ಚುಕಡಿಮೆ ಗೊತ್ತಾದವೇ: ಆಕ್ಸ್‌ಫರ್ಡ್, ಕೇಂಬ್ರಿಡ್ಜ್, ಬಾತ್, ಯಾರ್ಕ್. ಊರಿನಿಂದ ತಂದೆತಾಯಿ ಬಂದರೂ ಅವರನ್ನು ಅಲ್ಲಿಗೇ ಕರೆದೊಯ್ಯುತ್ತೇವೆ. ಆ ಊರುಗಳ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಇವತ್ತು ನಾನು ಮಾತಾಡಬೇಕೆಂದಿರುವುದು ಆ ಪಟ್ಟಿಯಲ್ಲಿ ಸಾಮಾನ್ಯವಾಗಿ ಕಾಣಿಸದ, ಸುಮಾರು ಒಂದು ಲಕ್ಷ ಜನರಿರುವ ಲಿಂಕನ್ ಎಂಬ ನಗರದ ಬಗ್ಗೆ. ಲಂಡನ್ನಿನ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ನೇರ ರೈಲಿನಲ್ಲಿ ಸುಮಾರು ಎರಡು ಗಂಟೆಯ ಪ್ರಯಾಣ. ನಾಟಿಂಗ್‌ಹ್ಯಾಮ್ ಕಡೆಯವರಿಗೆ ಇನ್ನೂ ಹತ್ತಿರ. ಬೆಳಗ್ಗೆ ಹೊರಟು ರಾತ್ರಿಯೊಳಗೆ ಮನೆ ಸೇರಬಹುದು.

ಹಳೆಯ ಕಟ್ಟಡಗಳು ಈ ದೇಶದ ಯಾವ ಊರಿನಲ್ಲಿಲ್ಲ? ಲಿಂಕನ್ನಿನ ವಿಶೇಷ ಬೇರೆ. ಅಲ್ಲಿ ಹಳೆಯದು ಇನ್ನೂ ಕೆಲಸದಲ್ಲಿದೆ. ರೋಮನ್ನರ ಹೆಬ್ಬಾಗಿಲಿನೊಳಗೆ ಈಗಲೂ ವಾಹನಗಳು ಹೋಗುತ್ತವೆ, ಹನ್ನೆರಡನೆಯ ಶತಮಾನದ ಸೇತುವೆಯ ಮೇಲೆ ಜನ ಕುಳಿತು ಚಹಾ ಕುಡಿಯುತ್ತಾರೆ, ಹದಿನಾಲ್ಕನೆಯ ಶತಮಾನದ ಗಂಟೆ ನಗರಸಭೆಯ ಸದಸ್ಯರನ್ನು ಸಭೆಗೆ ಕರೆಯುತ್ತದೆ, ಕೋಟೆಯೊಳಗೆ ಇವತ್ತಿಗೂ ನ್ಯಾಯಾಲಯ ನಡೆಯುತ್ತದೆ. ಹಳೆಯದನ್ನು ಉಳಿಸಿಕೊಳ್ಳುವುದೆಂದರೆ ಸುತ್ತ ಬೇಲಿ ಹಾಕಿ ಟಿಕೆಟ್ ಇಡುವುದು ಎಂಬ ಭಾವನೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಬಳಸುತ್ತಲೇ ಉಳಿಸಿಕೊಳ್ಳುವ ದಾರಿಯೂ ಒಂದಿದೆ, ಅದನ್ನು ನೋಡಲು ಈ ಊರಿಗೆ ಹೋಗಬೇಕು ಎಂಬುದು ನನ್ನ ಮಾತಿನ ತಿರುಳು.

ಮೊದಲು ನೆಲದ ಲಕ್ಷಣ ಹೇಳುತ್ತೇನೆ, ಏಕೆಂದರೆ ಅದು ತಿಳಿಯದೆ ಈ ಊರು ಅರ್ಥವಾಗುವುದಿಲ್ಲ. ಲಿಂಕನ್‌ಶೈರ್ ಬಹುಪಾಲು ಸಪಾಟಾದ ಸೀಮೆ. ಅದರ ನಡುವೆ ಉತ್ತರ ದಕ್ಷಿಣವಾಗಿ ಸುಣ್ಣಕಲ್ಲಿನ ಒಂದು ಏಣು ಹಾದುಹೋಗುತ್ತದೆ, ಆ ಏಣನ್ನು ಸೀಳಿಕೊಂಡು ವಿದಮ್ ಎಂಬ ನದಿ ಹರಿಯುತ್ತದೆ. ನದಿ ಸೀಳಿದ ಆ ಕಣಿವೆಯಲ್ಲಿ ಒಂದು ಭಾಗ, ಉತ್ತರದ ದಿಬ್ಬದ ಮೇಲೆ ಇನ್ನೊಂದು ಭಾಗ, ಹೀಗೆ ಊರು ಎರಡು ಮಟ್ಟದಲ್ಲಿ ಬೆಳೆದಿದೆ. ಸ್ಥಳೀಯರು ಇವತ್ತಿಗೂ ಮೇಲಿನ ಊರು, ಕೆಳಗಿನ ಊರು ಎಂದೇ ಮಾತಾಡುತ್ತಾರೆ. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ರೋಮನ್ನರ ಒಂಬತ್ತನೆಯ ಸೇನಾದಳ ಈ ದಿಬ್ಬದ ಮೇಲೆ ಪಾಳೆಯ ಹೂಡಿತು. ಸೇನೆ ಮುಂದಕ್ಕೆ ಹೋದ ಮೇಲೆ, ಅದೇ ಶತಮಾನದ ಕೊನೆಯ ಹೊತ್ತಿಗೆ, ನಿವೃತ್ತ ಸೈನಿಕರು ನೆಲೆಸುವ ಊರಾಗಿ ಇದು ಮಾರ್ಪಟ್ಟಿತು. ಲಂಡನ್ನಿನಿಂದ ಯಾರ್ಕಿಗೆ ಹೋಗುವ ಅರ್ಮಿನ್ ಸ್ಟ್ರೀಟ್ ಎಂಬ ರೋಮನ್ ರಸ್ತೆ ಇದರ ನಡುವೆ ಹಾದುಹೋಯಿತು. ನೀವು ರೈಲಿನಿಂದಿಳಿದು ಹತ್ತಲು ತೊಡಗುವ ಹೈ ಸ್ಟ್ರೀಟ್ ಹೆಚ್ಚುಕಡಿಮೆ ಆ ರಸ್ತೆಯ ಜಾಡಿನಲ್ಲಿಯೇ ಇದೆ.

ರೈಲು ನಿಲ್ದಾಣ ಕೆಳಗಿನ ಊರಿನಲ್ಲಿದೆ. ಕ್ಯಾಥೆಡ್ರಲ್, ಅಂದರೆ ಬಿಷಪ್ಪರ ಪೀಠವಿರುವ ದೊಡ್ಡ ಚರ್ಚು, ದಿಬ್ಬದ ತುದಿಯಲ್ಲಿದೆ. ಮಂಡಿನೋವಿರುವ ಹಿರಿಯರು ಜೊತೆಯಲ್ಲಿದ್ದರೆ ಬಸ್ಸಿನಲ್ಲೋ ಟ್ಯಾಕ್ಸಿಯಲ್ಲೋ ಮೇಲೆ ಹೋಗಿ, ಇಳಿಯುವಾಗ ನಡೆದು ಬನ್ನಿ. ಶಕ್ತಿಯಿರುವವರು ಮಾತ್ರ ಕೆಳಗಿನಿಂದ ಮೇಲಕ್ಕೆ ನಡೆದೇ ಹೋಗಬೇಕು. ಆಗ ಊರು ಒಂದೊಂದೇ ಪದರವಾಗಿ ಬಿಚ್ಚಿಕೊಳ್ಳುತ್ತದೆ.

ಹೈ ಸ್ಟ್ರೀಟಿನಲ್ಲಿ ಅಂಗಡಿಗಳನ್ನು ನೋಡುತ್ತ ನಡೆದರೆ ನೀವು ಒಂದು ಸೇತುವೆಯನ್ನು ದಾಟುತ್ತಿದ್ದೀರಿ ಎಂಬುದೇ ಗೊತ್ತಾಗದೆ ಹೋಗಬಹುದು. ಅದು ಹೈ ಬ್ರಿಡ್ಜ್. ಸುಮಾರು 1160ರಲ್ಲಿ ಕಟ್ಟಿದ ಕಲ್ಲಿನ ಕಮಾನು. ಅದರ ಮೇಲೆ ಹದಿನಾರನೆಯ ಶತಮಾನದ ಮರದ ಚೌಕಟ್ಟಿನ ಮನೆಗಳ ಸಾಲು. ಕಟ್ಟಡಗಳನ್ನು ಹೊತ್ತುಕೊಂಡಿರುವ ಸೇತುವೆಗಳಲ್ಲಿ ಬ್ರಿಟನ್ನಿನಲ್ಲಿ ಉಳಿದಿರುವ ಅತಿ ಹಳೆಯದು ಇದೇ. ಪಕ್ಕದ ಮೆಟ್ಟಿಲುಗಳನ್ನು ಇಳಿದು ನೀರಿನ ದಂಡೆಗೆ ಹೋಗಿ, ಅಲ್ಲಿಂದ ತಿರುಗಿ ನೋಡಿ. ಬಿಳಿ ಗೋಡೆ, ಕಪ್ಪು ತೊಲೆಗಳ ಮನೆಗಳು ಮೇಲೆ. ಕೆಳಗೆ ತಗ್ಗಾದ, ಕತ್ತಲೆ ತುಂಬಿದ ಕಮಾನು. ಅದರೊಳಗಿಂದ ದೋಣಿಗಳು ಹೊರಬರುತ್ತವೆ. ನೀರಿನ ಜಾಡು ಹಿಡಿದು ಸ್ವಲ್ಪ ಪಶ್ಚಿಮಕ್ಕೆ ಹೋದರೆ ಬ್ರೇಫರ್ಡ್ ಎಂಬ ಅಗಲವಾದ ಕೊಳ ಸಿಗುತ್ತದೆ. ಒಂದು ಕಾಲದಲ್ಲಿ ಧಾನ್ಯ, ಉಣ್ಣೆ ಇಳಿಸುತ್ತಿದ್ದ ಒಳನಾಡಿನ ಬಂದರು ಅದು. ಈಗ ಅದರ ದಡದಲ್ಲಿ ವಿಶ್ವವಿದ್ಯಾಲಯವಿದೆ. ಸಮಯ ಕಡಿಮೆಯಿದ್ದರೆ ಬ್ರೇಫರ್ಡನ್ನು ಬಿಟ್ಟು ಮುಂದೆ ನಡೆಯಿರಿ.

ಮುಂದೆ ಬೀದಿಗೆ ಅಡ್ಡಲಾಗಿ ನಿಂತಿರುವ ಹೆಬ್ಬಾಗಿಲಿನ ಹೆಸರು ಸ್ಟೋನ್‌ಬೋ. ರೋಮನ್ ಊರಿನ ದಕ್ಷಿಣದ ಬಾಗಿಲು ಇದ್ದ ಜಾಗ ಅದು. ಕೆಳಗಿನ ಕಮಾನಿನಲ್ಲಿ ಜನ ಚೀಲ ಹಿಡಿದು ಓಡಾಡುತ್ತಿರುತ್ತಾರೆ. ಮೇಲಿನ ಅಂತಸ್ತಿನಲ್ಲಿ ನಗರಸಭೆ ಸೇರುತ್ತದೆ. ಛಾವಣಿಯ ಮೇಲಿರುವ ಗಂಟೆಯನ್ನು ಎರಕ ಹೊಯ್ದದ್ದು 1371ರಲ್ಲಿ. ಸಭೆಯ ದಿನ ಅದನ್ನು ಈಗಲೂ ಬಾರಿಸುತ್ತಾರೆ. ಸದಸ್ಯರೆಲ್ಲರ ಜೇಬಿನಲ್ಲಿ ಫೋನು ಇರುವಾಗ ಇದು ಬೇಕೇ ಎಂದು ನೀವು ಕೇಳಬಹುದು. ಬೇಕು ಎಂದೇ ನನ್ನ ಉತ್ತರ. ನಿಮ್ಮ ಪ್ರತಿನಿಧಿಗಳು ಇಂದು ಸೇರುತ್ತಿದ್ದಾರೆ ಎಂದು ಬೀದಿಯಲ್ಲಿ ನಡೆಯುವವರಿಗೂ ಕೇಳುವಂತೆ ಸಾರುವ ಪದ್ಧತಿ ಅದು, ಫೋನಿನ ಸಂದೇಶಕ್ಕೆ ಆ ಗುಣವಿಲ್ಲ.

ಸ್ಟೋನ್‌ಬೋ ದಾಟಿದ ಮೇಲೆ ರಸ್ತೆ ಕಿರಿದಾಗುತ್ತದೆ, ಏರು ಶುರುವಾಗುತ್ತದೆ. ಸ್ಟ್ರೇಟ್ ಎಂಬ ಬೀದಿಯ ಕೊನೆಯಲ್ಲಿ, ಕಡಿದಾದ ಏರು ಆರಂಭವಾಗುವ ಮೊದಲು, ಎಡಗಡೆಗೆ ಒಂದು ಕಲ್ಲುಮನೆ ಇದೆ. ಅದನ್ನು ಜ್ಯೂಸ್ ಹೌಸ್, ಅಂದರೆ ಯಹೂದಿಯ ಮನೆ, ಎಂದು ಕರೆಯುತ್ತಾರೆ. ಹನ್ನೆರಡನೆಯ ಶತಮಾನದ ನಡುಭಾಗದ್ದು. ಇಂಗ್ಲೆಂಡಿನಲ್ಲಿ ಉಳಿದಿರುವ ಪೇಟೆಮನೆಗಳ ಪೈಕಿ ಅತಿ ಹಳೆಯವುಗಳಲ್ಲಿ ಒಂದು. ಬಾಗಿಲಿನ ಮುಂದೆ ನಿಂತು ತಲೆಯೆತ್ತಿ ನೋಡಿ. ಬಾಗಿಲಿನ ಮೇಲಿನ ಕಮಾನು ಗೋಡೆಯಿಂದ ಸ್ವಲ್ಪ ಮುಂದಕ್ಕೆ ಚಾಚಿಕೊಂಡಿದೆ, ಅದು ಬರಿಯ ಅಲಂಕಾರವಲ್ಲ. ಮೇಲಿನ ಅಂತಸ್ತಿನ ಒಲೆಯ ಹೊಗೆಗೂಡನ್ನು ಹೊರಲು ಹಾಗೆ ಕಟ್ಟಿದ್ದಾರೆ. ಕೆಳಗೆ ವ್ಯಾಪಾರ, ಮೇಲೆ ವಾಸ, ನಡುವೆ ಬೆಂಕಿಯ ಭಾರ ಹೊತ್ತ ಬಾಗಿಲು. ಎಂಟುನೂರೈವತ್ತು ವರ್ಷಗಳ ಹಿಂದಿನ ಮೇಸ್ತ್ರಿಯ ಲೆಕ್ಕಾಚಾರ ಇವತ್ತಿಗೂ ಓದಲು ಸಿಗುತ್ತದೆ.

ಈ ಮನೆಯ ಎದುರು ಸ್ವಲ್ಪ ಹೊತ್ತು ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ. ಹನ್ನೆರಡನೆಯ ಶತಮಾನದ ಲಿಂಕನ್ನಿನಲ್ಲಿ ಸಿರಿವಂತ ಯಹೂದಿ ಸಮುದಾಯವಿತ್ತು. ಬಡ್ಡಿಗೆ ಹಣ ಕೊಡುವುದನ್ನು ಕ್ರೈಸ್ತರಿಗೆ ಚರ್ಚು ನಿಷೇಧಿಸಿತ್ತು. ಯಹೂದಿಗಳಿಗೆ ಬೇರೆ ಬಹಳಷ್ಟು ಕಸುಬುಗಳ ಬಾಗಿಲು ಮುಚ್ಚಿತ್ತು. ಹೀಗಾಗಿ ಲೇವಾದೇವಿ ಅವರ ಕೈಗೆ ಬಂತು. ಲಿಂಕನ್ನಿನ ಆರನ್ ಎಂಬ ಸಾಹುಕಾರ ಇಂಗ್ಲೆಂಡಿನ ಅತಿ ಶ್ರೀಮಂತರಲ್ಲಿ ಒಬ್ಬನಾಗಿದ್ದ. ಅರಸರಿಗೂ ಬಿಷಪ್ಪರಿಗೂ ಮಠಗಳಿಗೂ ಸಾಲ ಕೊಟ್ಟವನು. 1186ರಲ್ಲಿ ಅವನು ತೀರಿಕೊಂಡಾಗ ಎರಡನೆಯ ಹೆನ್ರಿ ಅವನ ಆಸ್ತಿಯನ್ನೆಲ್ಲ ಮುಟ್ಟುಗೋಲು ಹಾಕಿಕೊಂಡ. ಬರಬೇಕಾದ ಸಾಲಗಳ ಪತ್ರಗಳು ಎಷ್ಟಿದ್ದವೆಂದರೆ, ಅವನ್ನು ವಸೂಲು ಮಾಡಲಿಕ್ಕೆಂದೇ ಅರಸನ ಖಜಾನೆಯಲ್ಲಿ ಆರನ್ನನ ಹೆಸರಿನ ಪ್ರತ್ಯೇಕ ಇಲಾಖೆ ತೆರೆಯಬೇಕಾಯಿತು. ಒಬ್ಬ ಮನುಷ್ಯ ಬದುಕಿರುವಾಗ ಅವನ ಹಣ ಬೇಕು, ಸತ್ತ ಮೇಲೆ ಅವನ ಆಸ್ತಿ ಬೇಕು, ಆದರೆ ಅವನ ಜನ ಮಾತ್ರ ಬೇಡ ಎಂಬ ನೀತಿ ಅಲ್ಲಿಂದ ಮುಂದೆ ಗಟ್ಟಿಯಾಗುತ್ತ ಹೋಯಿತು. 1290ರಲ್ಲಿ ಒಂದನೆಯ ಎಡ್ವರ್ಡ್ ಇಡೀ ಇಂಗ್ಲೆಂಡಿನಿಂದ ಯಹೂದಿಗಳನ್ನು ಹೊರಹಾಕಿದ. ಅವರು ಮರಳಿ ಬಂದದ್ದು ಹದಿನೇಳನೆಯ ಶತಮಾನದಲ್ಲಿ.

ಅಲ್ಲಿಂದ ಮುಂದಿನದು ಸ್ಟೀಪ್ ಹಿಲ್. ಸುಮಾರು ಏಳು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವಷ್ಟು ಕಡಿದು. ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಕಬ್ಬಿಣದ ಕಂಬಿ ಹಾಕಿದ್ದಾರೆ. ಮಳೆ ಬಂದ ದಿನ ಕಲ್ಲುಹಾಸು ಜಾರುತ್ತದೆ. ಪುಸ್ತಕದಂಗಡಿ, ಚಹಾದಂಗಡಿ, ಕುಶಲವಸ್ತುಗಳ ಅಂಗಡಿಗಳು ಎರಡೂ ಬದಿಗೆ ಇವೆ. ಉಸಿರು ತಿರುಗಿಸಿಕೊಳ್ಳಲು ನಿಂತಾಗ ಹಿಂತಿರುಗಿ ನೋಡಿ. ನೀವು ಹತ್ತಿ ಬಂದ ಊರು ಕೆಳಗೆ ಹರಡಿರುತ್ತದೆ, ಅದರಾಚೆ ಏಣಿನ ದಕ್ಷಿಣ ಭಾಗ ಎದ್ದು ನಿಂತಿರುತ್ತದೆ.

ಏರು ಮುಗಿದೊಡನೆ ಒಂದು ಚೌಕ. ಎಡಗಡೆಗೆ ಕೋಟೆಯ ಬಾಗಿಲು, ಬಲಗಡೆಗೆ ಎಕ್ಸ್‌ಚೆಕರ್ ಗೇಟ್, ಅದರ ಹಿಂದೆ ಕ್ಯಾಥೆಡ್ರಲ್. ಮೊದಲು ಕ್ಯಾಥೆಡ್ರಲ್ಲಿಗೆ ಹೋಗೋಣ.

ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಬಳಿಕ, 1072ರಲ್ಲಿ, ರೆಮಿಜಿಯಸ್ ಎಂಬ ಬಿಷಪ್ ಇದರ ಕಟ್ಟಡ ಆರಂಭಿಸಿದ. 1185ರಲ್ಲಿ ಭೂಕಂಪವಾಗಿ ಬಹುಭಾಗ ಉರುಳಿತು. ಆದರೆ ಪಶ್ಚಿಮದ ಮುಖ ಉಳಿಯಿತು. ನೀವು ಎದುರಿಗೆ ನಿಂತಾಗ ನಡುವೆ ಕಾಣುವ ದುಂಡು ಕಮಾನುಗಳ ಗಟ್ಟಿ ಗೋಡೆ ರೆಮಿಜಿಯಸ್ಸನ ಕಾಲದ್ದು. ಅದರ ಎರಡೂ ಬದಿಗೆ, ಮೇಲಕ್ಕೆ, ತೆರೆಯಂತೆ ಹಬ್ಬಿರುವ ಚೂಪು ಕಮಾನುಗಳ ಕೆಲಸ ಹದಿಮೂರನೆಯ ಶತಮಾನದ್ದು. ಹಳೆಯ ಮುಖವನ್ನು ಕೆಡವದೆ, ಅದನ್ನು ಒಳಗಿಟ್ಟುಕೊಂಡೇ ಹೊಸದನ್ನು ಕಟ್ಟಿದ್ದಾರೆ. ಎರಡು ಕಾಲದ ಕೈಗಳು ಎಲ್ಲಿ ಸೇರಿವೆ ಎಂಬುದನ್ನು ಬರಿಗಣ್ಣಿನಿಂದಲೇ ಗುರುತಿಸಬಹುದು. ಮಕ್ಕಳಿಗೆ ಇದನ್ನು ಹುಡುಕಲು ಹೇಳಿ, ಅವರು ನಮಗಿಂತ ಬೇಗ ಹಿಡಿಯುತ್ತಾರೆ.

ಮರುನಿರ್ಮಾಣವನ್ನು 1192ರಲ್ಲಿ ಆರಂಭಿಸಿದವರು ಬಿಷಪ್ ಹ್ಯೂ. ಫ್ರಾನ್ಸ್ ಕಡೆಯ ಅವಲೊನ್‌ನಿಂದ ಬಂದ ಸನ್ಯಾಸಿ. ಕೂಲಿಯವರ ಜೊತೆ ಸೇರಿ ತಾವೂ ಕಲ್ಲು ಹೊತ್ತರೆಂದು ಅವರ ಚರಿತ್ರೆಯಲ್ಲಿದೆ. ನಾನು ಅವರನ್ನು ಗೌರವಿಸುವುದು ಇನ್ನೊಂದು ಕಾರಣಕ್ಕೆ. 1190ರ ಸುಮಾರಿಗೆ ಇಂಗ್ಲೆಂಡಿನ ಊರೂರುಗಳಲ್ಲಿ ಯಹೂದಿಗಳ ಮೇಲೆ ಗುಂಪುಗಳು ಏರಿಹೋದಾಗ, ಲಿಂಕನ್ನಿನಲ್ಲಿ ಅವರ ಪರವಾಗಿ ನಿಂತವರು ಹ್ಯೂ. 1200ರಲ್ಲಿ ಅವರ ಶವಯಾತ್ರೆಯಲ್ಲಿ ಊರಿನ ಯಹೂದಿಗಳೂ ಅಳುತ್ತ ನಡೆದರೆಂದು ಅವರ ಜೊತೆಗಿದ್ದ ಸನ್ಯಾಸಿಯೇ ಬರೆದಿಟ್ಟಿದ್ದಾನೆ.

ಮಧ್ಯದ ಗೋಪುರದ ಮೇಲೆ ಒಂದು ಕಾಲದಲ್ಲಿ ಸೀಸದ ಹೊದಿಕೆಯ ಮರದ ಶಿಖರವಿತ್ತು. 1311ರಲ್ಲಿ ಅದು ಮುಗಿದಾಗ ಒಟ್ಟು ಎತ್ತರ ಸುಮಾರು 160 ಮೀಟರ್ ಇತ್ತೆಂದೂ, ಈಜಿಪ್ತಿನ ಮಹಾ ಪಿರಮಿಡ್ಡನ್ನು ಮೀರಿ ಜಗತ್ತಿನ ಅತಿ ಎತ್ತರದ ಕಟ್ಟಡವಾಗಿತ್ತೆಂದೂ ಹೇಳುತ್ತಾರೆ. 1548ರಲ್ಲಿ ಆ ಶಿಖರ ಬಿತ್ತು, ಮತ್ತೆ ಕಟ್ಟಲಿಲ್ಲ. ಈಗಿನ ಗೋಪುರದ ಎತ್ತರ 83 ಮೀಟರ್. ಅದೇ ಸಾಕಷ್ಟಾಯಿತು, ಸಪಾಟಾದ ಸೀಮೆಯಾದ್ದರಿಂದ ಹತ್ತಾರು ಮೈಲಿ ದೂರದಿಂದಲೇ ಕಾಣುತ್ತದೆ.

ಒಳಗೆ ಹೋದ ಮೇಲೆ ಎಲ್ಲವನ್ನೂ ನೋಡಲು ಹೋಗಬೇಡಿ. ನಾನು ಮೂರು ಜಾಗ ಹೇಳುತ್ತೇನೆ. ಮೊದಲನೆಯದು ಕಟ್ಟಡವನ್ನು ಅಡ್ಡಲಾಗಿ ಹಾಯುವ ಸಾಲಿನ ಎರಡು ತುದಿಯಲ್ಲಿರುವ ದುಂಡು ಕಿಟಕಿಗಳು. ಉತ್ತರದ್ದು ಡೀನ್ಸ್ ಐ, ಸುಮಾರು 1220ರದ್ದು. ಅದರ ಹಳೆಯ ಗಾಜು ಬಹುಮಟ್ಟಿಗೆ ಉಳಿದಿದೆ. ದಕ್ಷಿಣದ್ದು ಬಿಷಪ್ಸ್ ಐ, ಸುಮಾರು 1330ರದ್ದು. ಅದರ ಕಲ್ಲಿನ ಚೌಕಟ್ಟು ಎರಡು ಎಲೆಗಳ ನರಗಳಂತೆ ಬಾಗಿ ಹರಡಿದೆ. ಆದರೆ ಒಳಗಿನ ಗಾಜಿನಲ್ಲಿ ಕಥೆ ಹುಡುಕಿದರೆ ಸಿಗುವುದಿಲ್ಲ. ಹದಿನೇಳನೆಯ ಶತಮಾನದ ಅಂತರ್ಯುದ್ಧದಲ್ಲಿ ಸೈನಿಕರು ಇಲ್ಲಿಯ ಗಾಜುಗಳನ್ನು ಒಡೆದರು. ಬೇರೆ ಬೇರೆ ಕಿಟಕಿಗಳಿಂದ ಉಳಿದ ಚೂರುಗಳನ್ನು ಮುಂದೆ ಇದರೊಳಗೆ ಜೋಡಿಸಿದರು. ಹತ್ತಿರ ಹೋಗಿ ನೋಡಿದರೆ ಒಂದು ಕಡೆ ಯಾರದೋ ಮುಖ, ಅದರ ಪಕ್ಕದಲ್ಲಿ ಸಂಬಂಧವಿಲ್ಲದ ಬಟ್ಟೆಯ ಮಡಿಕೆ, ಆಮೇಲೆ ಬರಿಯ ನೀಲಿ. ಬಿಸಿಲಿದ್ದ ಮಧ್ಯಾಹ್ನ ಅದರಷ್ಟು ಚೆಲುವಾದ ಬೆಳಕು ಇಡೀ ಕಟ್ಟಡದಲ್ಲಿ ಇನ್ನೊಂದಿಲ್ಲ.

ಎರಡನೆಯದು ಪೂರ್ವದ ತುದಿಯ ಏಂಜೆಲ್ ಕ್ವಾಯರ್, ದೇವದೂತರ ಶಿಲ್ಪಗಳಿಂದ ಆ ಹೆಸರು ಪಡೆದ ಭಾಗ. ಹ್ಯೂ ಅವರ ಸಮಾಧಿಗೆ ಬರುತ್ತಿದ್ದ ಯಾತ್ರಿಕರಿಗಾಗಿ ಕಟ್ಟಿ 1280ರಲ್ಲಿ ಪ್ರತಿಷ್ಠಾಪಿಸಿದರು. ಎಡ್ವರ್ಡ್ ಅರಸನೂ ರಾಣಿ ಎಲಿನರಳೂ ಬಂದಿದ್ದರು. ಕಂಬದ ಮೇಲೆ ಕಾಲ ಮೇಲೆ ಕಾಲು ಹಾಕಿ ಕುಳಿತ ಒಂದು ಪುಟ್ಟ ಪಿಶಾಚಿಯ ಕೆತ್ತನೆ ಇದೆ. ಲಿಂಕನ್ ಇಂಪ್ ಎಂದು ಊರಿಗೇ ಅದು ಗುರುತಾಗಿಬಿಟ್ಟಿದೆ. ಹತ್ತೇ ವರ್ಷದಲ್ಲಿ, 1290ರಲ್ಲಿ, ಎಲಿನರ್ ಲಿಂಕನ್ನಿಗೆ ಹತ್ತಿರದ ಹಾರ್ಬಿ ಎಂಬ ಹಳ್ಳಿಯಲ್ಲಿ ತೀರಿಕೊಂಡಳು. ದೇಹವನ್ನು ಲಂಡನ್ನಿಗೆ ಒಯ್ಯುವ ಮೊದಲು ಒಳಾಂಗಗಳನ್ನು ಇಲ್ಲಿ ಸಮಾಧಿ ಮಾಡಿದರು. ಆ ಯಾತ್ರೆ ತಂಗಿದ ಕಡೆಯಲ್ಲೆಲ್ಲ ಅರಸ ಒಂದೊಂದು ಕಲ್ಲಿನ ಶಿಲುಬೆ ನಿಲ್ಲಿಸಿದ, ಒಟ್ಟು ಹನ್ನೆರಡು. ಅದರ ಕೊನೆಯದರ ಹೆಸರನ್ನು ನೀವು ಲಂಡನ್ನಿನಲ್ಲಿ ದಿನವೂ ಹೇಳುತ್ತೀರಿ: ಚೇರಿಂಗ್ ಕ್ರಾಸ್. ಹೆಂಡತಿಗಾಗಿ ಅಷ್ಟು ಶೋಕಿಸಿದ ಅದೇ ಅರಸ, ಅದೇ ವರ್ಷ, ಒಂದು ಇಡೀ ಸಮುದಾಯವನ್ನು ಮನೆಮಠ ಬಿಡಿಸಿ ಕಳಿಸಿದ್ದ. ಈ ಎರಡನ್ನೂ ಒಟ್ಟಿಗೆ ನೆನೆಯದೆ ನನಗೆ ಆ ಸಮಾಧಿಯ ಮುಂದೆ ನಿಲ್ಲಲಾಗುವುದಿಲ್ಲ.

ಮೂರನೆಯದು ದಕ್ಷಿಣದ ಪಕ್ಕಸಾಲಿನಲ್ಲಿರುವ, ಸುಲಭವಾಗಿ ಕಣ್ಣು ತಪ್ಪುವ, ಒಂದು ಮುರಿದ ಸಮಾಧಿ. 1255ರಲ್ಲಿ ಹ್ಯೂ ಎಂಬ ಪುಟ್ಟ ಹುಡುಗನ ಹೆಣ ಬಾವಿಯಲ್ಲಿ ಸಿಕ್ಕಿತು. ಯಹೂದಿಗಳು ಅವನನ್ನು ಬಲಿಕೊಟ್ಟರೆಂದು ಸುಳ್ಳು ಹಬ್ಬಿಸಿದರು. ಮೂರನೆಯ ಹೆನ್ರಿ ತಾನೇ ಮುಂದೆ ನಿಂತು ವಿಚಾರಣೆ ನಡೆಸಿದ. ಹತ್ತೊಂಬತ್ತು ಯಹೂದಿಗಳನ್ನು ಕೊಲ್ಲಿಸಿದ. ಅವರ ಆಸ್ತಿ ಅರಸನ ಪಾಲಾಯಿತು. ಆ ಹುಡುಗನಿಗೆ ಕ್ಯಾಥೆಡ್ರಲ್‌ನೊಳಗೆ ಗುಡಿಯನ್ನೇ ಕಟ್ಟಿದರು. ಏಳುನೂರು ವರ್ಷಗಳ ಬಳಿಕ, 1955ರಲ್ಲಿ, ಅದೇ ಜಾಗದಲ್ಲಿ ಕ್ಯಾಥೆಡ್ರಲ್‌ನವರು ಒಂದು ಫಲಕ ಹಾಕಿದರು: ಇಂಥ ಕಥೆಗಳು ಕಟ್ಟುಕಥೆಗಳು, ಇವುಗಳಿಂದ ನಿರಪರಾಧಿ ಯಹೂದಿಗಳು ಪ್ರಾಣ ಕಳೆದುಕೊಂಡರು, ಇದು ಕ್ರೈಸ್ತರಿಗೆ ಗೌರವ ತರುವ ಸಂಗತಿಯಲ್ಲ ಎಂಬುದು ಅದರ ತಾತ್ಪರ್ಯ. ಸಮಾಧಿಯನ್ನು ಕಿತ್ತು ಗುರುತಿಲ್ಲದಂತೆ ಮಾಡುವುದು ಸುಲಭವಿತ್ತು. ಅದನ್ನು ಅಲ್ಲಿಯೇ ಇಟ್ಟು, ಪಕ್ಕದಲ್ಲಿ ತಪ್ಪನ್ನು ಬರೆದು ಹಾಕಿದ್ದಾರೆ. ನಂಬಿಕೆಯ ಹೆಸರಿನಲ್ಲಿ ನಡೆದ ಅನ್ಯಾಯವನ್ನು ನಂಬಿಕೆಯ ಮನೆಯೊಳಗೇ ಒಪ್ಪಿಕೊಳ್ಳುವುದು ಸಣ್ಣ ಸಂಗತಿಯಲ್ಲ.

ಹೊರಡುವ ಮೊದಲು ಇನ್ನೊಂದು ಮಾತು. ಈ ಕ್ಯಾಥೆಡ್ರಲ್ಲಿಗೆ ಸ್ವಂತ ಕಲ್ಲುಗಣಿ ಇದೆ. ಕಲ್ಲುಕುಟಿಗರು, ಬಡಗಿಗಳು, ಗಾಜಿನ ಕೆಲಸದವರು, ಸೀಸದ ಕೆಲಸದವರು ಎಲ್ಲರೂ ಇಲ್ಲಿಯ ನೌಕರರೇ. ಮಳೆಗಾಳಿಗೆ ಸವೆದ ಕಲ್ಲನ್ನು ತೆಗೆದು, ಅದೇ ಜಾತಿಯ ಸುಣ್ಣಕಲ್ಲನ್ನು ಕೆತ್ತಿ ಕೂರಿಸುವ ಕೆಲಸ ನಿಲ್ಲುವುದೇ ಇಲ್ಲ. ಯಾವುದಾದರೊಂದು ಬದಿಗೆ ಸಾರುವೆ ಕಟ್ಟಿರುವುದು ಹೆಚ್ಚುಕಡಿಮೆ ಯಾವಾಗಲೂ ಕಾಣುತ್ತದೆ. ಫೋಟೋ ಕೆಟ್ಟಿತೆಂದು ಬೇಸರಪಡಬೇಡಿ. ಆ ಸಾರುವೆಯಿಂದಲೇ ಈ ಕಟ್ಟಡ ನಿಂತಿದೆ.

ಈಗ ಚೌಕ ದಾಟಿ ಕೋಟೆಗೆ ಬರೋಣ. 1068ರಲ್ಲಿ ವಿಲಿಯಂ ಅರಸ ಇದನ್ನು ಕಟ್ಟಿಸಿದಾಗ ಜಾಗಕ್ಕಾಗಿ 166 ಮನೆಗಳು ಹೋದವೆಂದು ಮುಂದಿನ ಕಂದಾಯ ದಾಖಲೆ ಡೂಮ್ಸ್‌ಡೇ ಪುಸ್ತಕದಲ್ಲಿ ನಮೂದಾಗಿದೆ. ಗೋಡೆಯ ಮೇಲೆ ಸುತ್ತಲೂ ನಡೆಯಬಹುದು, ಅದನ್ನು ತಪ್ಪಿಸಬೇಡಿ. ಕ್ಯಾಥೆಡ್ರಲ್ಲಿನ ಪಶ್ಚಿಮ ಮುಖ ಇಲ್ಲಿಂದ ಕಂಡಷ್ಟು ಚೆನ್ನಾಗಿ ಬೇರೆಲ್ಲಿಂದಲೂ ಕಾಣುವುದಿಲ್ಲ.

ಈ ಗೋಡೆಯ ಮೇಲೆ ನಡೆಯುವಾಗ ನಿಕೊಲಾ ಡಿ ಲ ಹೇ ಎಂಬ ಹೆಣ್ಣುಮಗಳನ್ನು ನೆನೆಯಬೇಕು. ತಂದೆಯಿಂದ ಬಂದ ಹಕ್ಕಿನಿಂದ ಅವಳು ಈ ಕೋಟೆಯ ಅಧಿಪತಿಯಾಗಿದ್ದಳು. ತನಗೆ ವಯಸ್ಸಾಯಿತೆಂದು ಕೋಟೆಯ ಬೀಗದಕೈಗಳನ್ನು ಜಾನ್ ಅರಸನಿಗೆ ಒಪ್ಪಿಸಲು ಹೋದಾಗ, ನೀನೇ ಇಟ್ಟುಕೋ ಎಂದು ಅವನು ಹಿಂತಿರುಗಿಸಿದನಂತೆ. 1216ರಲ್ಲಿ, ಸಾಯುವ ಸ್ವಲ್ಪ ಮೊದಲು, ಅವಳನ್ನು ಲಿಂಕನ್‌ಶೈರಿನ ಶೆರಿಫ್ (ಆ ಸೀಮೆಯಲ್ಲಿ ಅರಸನ ಅಧಿಕಾರಿ) ಆಗಿಯೂ ನೇಮಿಸಿದ. ಆಗ ಬಂಡಾಯದ ಪ್ರಭುಗಳು ಫ್ರಾನ್ಸಿನ ರಾಜಕುಮಾರ ಲೂಯಿಯನ್ನು ಕರೆತಂದಿದ್ದರು. ಅರ್ಧ ಇಂಗ್ಲೆಂಡು ಅವನ ಕಡೆಗಿತ್ತು. ಲಿಂಕನ್ ಪೇಟೆ ಶತ್ರುವಿನ ಕೈಯಲ್ಲಿದ್ದರೂ ನಿಕೊಲಾ ಕೋಟೆಯನ್ನು ಬಿಟ್ಟುಕೊಡಲಿಲ್ಲ. 1217ರ ಮೇ 20ರಂದು ಸುಮಾರು ಎಪ್ಪತ್ತರ ಪ್ರಾಯದ ರಾಜಪ್ರತಿನಿಧಿ ವಿಲಿಯಂ ಮಾರ್ಷಲ್ ಸೈನ್ಯ ತಂದು ಮುತ್ತಿಗೆ ಮುರಿದ. ಆ ಗೆಲುವಿನಿಂದ ಜಾನನ ಮಗ, ಬಾಲಕ ಅರಸ ಮೂರನೆಯ ಹೆನ್ರಿಯ ಸಿಂಹಾಸನ ಉಳಿಯಿತು. ಆದರೆ ಗೆದ್ದ ಸೈನ್ಯ ಊರನ್ನೇ ಸೂರೆಮಾಡಿತು. ತಪ್ಪಿಸಿಕೊಳ್ಳಲು ದೋಣಿಯೇರಿದ ಹೆಂಗಸರು ಮಕ್ಕಳು ನದಿಯಲ್ಲಿ ಮುಳುಗಿದರು. ನಿಕೊಲಾಗಾದರೂ ಸಿಕ್ಕ ಬಹುಮಾನವೇನು? ಕೆಲವೇ ದಿನಗಳಲ್ಲಿ ಶೆರಿಫ್ ಪದವಿಯನ್ನು ಅರಸನ ಬಂಧುವೊಬ್ಬನಿಗೆ ಕೊಟ್ಟರು. ಅವಳು ಸುಮ್ಮನಾಗಲಿಲ್ಲ, ಆಸ್ಥಾನದವರೆಗೆ ಹೋಗಿ ಹೋರಾಡಿ ಕೋಟೆಯನ್ನು ಉಳಿಸಿಕೊಂಡಳು. ಇಂಗ್ಲೆಂಡಿನ ಚರಿತ್ರೆ ಓದಿದವರಲ್ಲಿಯೂ ಅವಳ ಹೆಸರು ಬಲ್ಲವರು ಕಡಿಮೆ.

ಕೋಟೆಯ ನೆಲಮಾಳಿಗೆಯಂಥ ಕೋಣೆಯಲ್ಲಿ, 2015ರಲ್ಲಿ ಇದಕ್ಕೆಂದೇ ಕಟ್ಟಿದ ಜಾಗದಲ್ಲಿ, ಅರಸನ ಅಧಿಕಾರಕ್ಕೆ ಮಿತಿ ಹಾಕಿದ ಸನ್ನದು ಮ್ಯಾಗ್ನಾ ಕಾರ್ಟಾ ಇದೆ. 1215ರಲ್ಲಿ ಹೊರಡಿಸಿದ ಪ್ರತಿಗಳಲ್ಲಿ ಇಂದಿಗೆ ಉಳಿದಿರುವುದು ನಾಲ್ಕೇ; ಎರಡು ಬ್ರಿಟಿಷ್ ಲೈಬ್ರರಿಯಲ್ಲಿ, ಒಂದು ಸಾಲ್ಸ್‌ಬರಿಯಲ್ಲಿ, ಒಂದು ಇಲ್ಲಿ. ಮಂದ ಬೆಳಕಿನಲ್ಲಿ ಒಂದೇ ಒಂದು ಚರ್ಮದ ಹಾಳೆ, ಅದರ ತುಂಬ ಉಸಿರಾಡಲೂ ಜಾಗ ಬಿಡದಂತೆ ಒತ್ತೊತ್ತಾದ ಲ್ಯಾಟಿನ್ ಬರಹ. ವಿಚಾರಣೆಯಿಲ್ಲದೆ ಸ್ವತಂತ್ರ ಮನುಷ್ಯನನ್ನು ಬಂಧಿಸಬಾರದು, ನ್ಯಾಯವನ್ನು ಮಾರಬಾರದು, ನಿರಾಕರಿಸಬಾರದು, ತಡಮಾಡಬಾರದು ಎಂಬ ಸಾಲುಗಳು ಎಲ್ಲರಿಗೂ ಗೊತ್ತು. ಆದರೆ ಅದೇ ಹಾಳೆಯಲ್ಲಿ ಯಹೂದಿಗಳಿಂದ ಪಡೆದ ಸಾಲದ ಬಗ್ಗೆಯೂ ಕಲಮುಗಳಿವೆ: ಸಾಲಗಾರ ಸತ್ತರೆ ವಾರಸುದಾರ ಪ್ರಾಯಕ್ಕೆ ಬರುವವರೆಗೆ ಬಡ್ಡಿ ಏರಬಾರದು, ವಿಧವೆಯ ಪಾಲನ್ನು ಮುಟ್ಟಬಾರದು ಎಂದು. ಕೆಳಗಿನ ಬೀದಿಯ ಆ ಕಲ್ಲುಮನೆಗೂ ಈ ಹಾಳೆಗೂ ಹೀಗೆ ನೇರ ಸಂಬಂಧವಿದೆ.

ನನ್ನ ಮಟ್ಟಿಗೆ ಮ್ಯಾಗ್ನಾ ಕಾರ್ಟಾಕ್ಕಿಂತ ಹೆಚ್ಚು ಹೃದಯಕ್ಕೆ ಹತ್ತಿರವಾದದ್ದು 1217ರ ಅರಣ್ಯ ಸನ್ನದು. ಅದರ ಮೂಲಪ್ರತಿಗಳು ಉಳಿದಿರುವುದು ಎರಡೇ: ಒಂದು ಡರ್ಹಮ್‌ನಲ್ಲಿ, ಒಂದು ಲಿಂಕನ್ನಿನಲ್ಲಿ. ಆ ಕಾಲದ ರಾಜಾರಣ್ಯವೆಂದರೆ ಬರಿಯ ಕಾಡಲ್ಲ; ಹಳ್ಳಿ, ಹೊಲ, ಹುಲ್ಲುಗಾವಲುಗಳೂ ಸೇರಿ ಅರಸನ ಬೇಟೆಯ ಕಾನೂನಿಗೆ ಒಳಪಟ್ಟ ಸೀಮೆ. ಜಿಂಕೆ ಕೊಂದವನ ಕೈಕಾಲು ಕಡಿಯಬಾರದು, ಪ್ರಾಣ ತೆಗೆಯಬಾರದು; ಜನ ತಮ್ಮ ಹಂದಿಗಳನ್ನು ಕಾಡಿನಲ್ಲಿ ಮೇಯಿಸಬಹುದು ಎಂದು ಈ ಸನ್ನದು ಹೇಳಿತು. ಇದರ ಉಳಿದ ಅಂಶಗಳು ಕಾನೂನು ಪುಸ್ತಕದಿಂದ ಹೋದದ್ದು 1971ರಲ್ಲಿ. ಅಂದರೆ ಏಳೂವರೆ ಶತಮಾನ ಅದು ಜೀವಂತ ಕಾನೂನಾಗಿತ್ತು. ಉರುವಲು, ಮೇವು, ಸೌದೆ ಎಂಬ ಮಾತುಗಳು ಅರಸರ ದಾಖಲೆಯೊಳಗೆ ನುಗ್ಗುವುದು ಅಪರೂಪ.

ಕೋಟೆಯೊಳಗಿನ ವಿಕ್ಟೋರಿಯಾ ಕಾಲದ ಸೆರೆಮನೆಯನ್ನೂ ನೋಡಿ. 1848ರಿಂದ 1878ರವರೆಗೆ ನಡೆದದ್ದು. ಕೈದಿಗಳು ಒಬ್ಬರನ್ನೊಬ್ಬರು ನೋಡದಂತೆ, ಮಾತಾಡದಂತೆ ಪ್ರತ್ಯೇಕವಾಗಿಟ್ಟರೆ ಅವರು ತಮ್ಮ ತಪ್ಪನ್ನು ನೆನೆದು ಪಶ್ಚಾತ್ತಾಪ ಪಡುತ್ತಾರೆ ಎಂಬುದು ಆಗಿನ ಸಿದ್ಧಾಂತ. ಆ ಸಿದ್ಧಾಂತ ಮರದಲ್ಲಿ ಮೂಡಿರುವುದು ಸೆರೆಮನೆಯ ಪ್ರಾರ್ಥನಾ ಕೋಣೆಯಲ್ಲಿ. ಮೆಟ್ಟಿಲುಮೆಟ್ಟಿಲಾಗಿ ಏರಿರುವ ಆಸನಗಳು. ಪ್ರತಿಯೊಂದಕ್ಕೂ ಆಳೆತ್ತರದ ಹಲಗೆಯ ಗೋಡೆ. ಒಳಗೆ ನಿಂತವನಿಗೆ ಪಕ್ಕದವನು ಕಾಣುವುದಿಲ್ಲ, ಎದುರಿನ ಪಾದ್ರಿ ಮಾತ್ರ ಕಾಣುತ್ತಾನೆ. ಪಾದ್ರಿಗೆ ಎಲ್ಲರೂ ಕಾಣುತ್ತಾರೆ. ಈ ಬಗೆಯ ಕೋಣೆ ಮೂಲರೂಪದಲ್ಲಿ ಜಗತ್ತಿನಲ್ಲಿ ಉಳಿದಿರುವುದು ಇದೊಂದೇ ಎನ್ನುತ್ತಾರೆ. ಒಂದು ಆಸನದೊಳಗೆ ನಿಂತು ನೋಡಿ, ಏಕಾಂತಕ್ಕೂ ಒಂಟಿತನಕ್ಕೂ ಇರುವ ಅಂತರ ಮೈಗೇ ಗೊತ್ತಾಗುತ್ತದೆ. ಲೂಸಿ ಟವರ್ ಎಂಬ ಬುರುಜಿನೊಳಗೆ ಗಲ್ಲಿಗೇರಿಸಿದವರ ಗೋರಿಗಳಿವೆ. ಪುಟ್ಟ ಕಲ್ಲುಗಳ ಮೇಲೆ ಹೆಸರಿಲ್ಲ. ಬರಿಯ ಮೊದಲಕ್ಷರಗಳು, ದಿನಾಂಕ. ಅಲ್ಲಿಂದ ಹೊರಬಂದರೆ ಎದುರಿಗೇ ಹತ್ತೊಂಬತ್ತನೆಯ ಶತಮಾನದಲ್ಲಿ ಕಟ್ಟಿದ ನ್ಯಾಯಾಲಯ. ಕೆಲಸದ ದಿನವಾದರೆ ವಕೀಲರು ಕಡತ ಹಿಡಿದು ಹೋಗುವುದನ್ನು ನೋಡಬಹುದು.

ಕೋಟೆಯಿಂದ ಹೊರಟು ಬೇಲ್‌ಗೇಟ್ ಬೀದಿಯಲ್ಲಿ ಉತ್ತರಕ್ಕೆ ನಡೆಯುವಾಗ ನೆಲ ನೋಡಿಕೊಂಡು ನಡೆಯಿರಿ. ರಸ್ತೆಯ ಕಲ್ಲುಹಾಸಿನಲ್ಲಿ ಅಲ್ಲಲ್ಲಿ ದುಂಡು ಗುರುತುಗಳಿವೆ. ಕೆಳಗೆ ರೋಮನ್ ಚಾವಡಿಯ ಕಂಬಗಳಿದ್ದ ಜಾಗಗಳು ಅವು. ಐದು ನಿಮಿಷ ನಡೆದರೆ ನ್ಯೂಪೋರ್ಟ್ ಆರ್ಚ್, ರೋಮನ್ನರ ಉತ್ತರದ ಹೆಬ್ಬಾಗಿಲು. ಅದು ಕುಳ್ಳಗಿದೆಯೆಂದು ಅನ್ನಿಸಿದರೆ ಕಾರಣ ಇಷ್ಟೇ: ರೋಮನ್ನರ ಕಾಲದ ರಸ್ತೆ ಈಗಿನದಕ್ಕಿಂತ ಸುಮಾರು ಎಂಟು ಅಡಿ ಕೆಳಗಿತ್ತು, ನೆಲ ಏರಿದೆ, ಕಮಾನು ನಿಂತಲ್ಲೇ ನಿಂತಿದೆ. 1964ರಲ್ಲಿ ಒಂದು ಲಾರಿ ಇದಕ್ಕೆ ಸಿಕ್ಕಿಹಾಕಿಕೊಂಡು ಕಲ್ಲುಗಳು ಸಡಿಲವಾದವು. ರಿಪೇರಿ ಮಾಡಿ ಮತ್ತೆ ಸಂಚಾರಕ್ಕೆ ಬಿಟ್ಟರು. ಮುಚ್ಚಿಬಿಡಬೇಕಿತ್ತು ಎನ್ನುವವರ ವಾದವೂ ನನಗೆ ಅರ್ಥವಾಗುತ್ತದೆ. ಆದರೆ ಬಾಗಿಲೊಂದು ಬಾಗಿಲಾಗಿಯೇ ಉಳಿಯಲಿ ಎಂಬ ಪಕ್ಷದವನು ನಾನು.

ಈಗ ನಿಮ್ಮಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವವರಿಗೆ ಒಂದು ವಿಶೇಷ ವಿಷಯ. ಜಾರ್ಜ್ ಬೂಲ್ ಹುಟ್ಟಿದ್ದು ಈ ಊರಿನಲ್ಲಿ, 1815ರಲ್ಲಿ. ತಂದೆ ಚಮ್ಮಾರಿಕೆ ಮಾಡುತ್ತಿದ್ದವರು, ದೂರದರ್ಶಕ ಯಂತ್ರಗಳನ್ನು ಮಾಡುವ ಹವ್ಯಾಸವಿದ್ದವರು. ಬೂಲ್ ಗಣಿತವನ್ನು ಬಹುಮಟ್ಟಿಗೆ ತಾವೇ ಓದಿ ಕಲಿತರು, ಹತ್ತೊಂಬತ್ತರ ಪ್ರಾಯದಲ್ಲೇ ಶಾಲೆ ತೆರೆದರು, ಯಾವ ವಿಶ್ವವಿದ್ಯಾಲಯದಲ್ಲೂ ಕಲಿಯದೆ 1849ರಲ್ಲಿ ಐರ್ಲೆಂಡಿನ ಕಾರ್ಕ್‌ನಲ್ಲಿ ಪ್ರಾಧ್ಯಾಪಕರಾದರು. ಕ್ಯಾಥೆಡ್ರಲ್ಲಿನ ಸಮೀಪದ ಪಾಟರ್‌ಗೇಟಿನಲ್ಲಿ ಅವರು ಶಾಲೆ ನಡೆಸಿದ ಮನೆ ಇದೆ. ಕ್ಯಾಥೆಡ್ರಲ್ಲಿನೊಳಗೆ ಅವರ ನೆನಪಿನ ಕಿಟಕಿಯಿದೆ. ನೀವು ದಿನವೂ ಬರೆಯುವ ಹೌದು–ಅಲ್ಲಗಳ ಲೆಕ್ಕಕ್ಕೆ ಬುನಾದಿ ಹಾಕಿದವರು ಅವರು. ಅವರ ಹೆಂಡತಿ ಮೇರಿ, ಭಾರತದ ಸರ್ವೇಯರ್ ಜನರಲ್ ಆಗಿದ್ದ ಜಾರ್ಜ್ ಎವರೆಸ್ಟರ ಸೋದರನ ಮಗಳು. ಎವರೆಸ್ಟ್ ಮುಂದುವರಿಸಿದ, ಭಾರತದ ನೆಲದ ಮಹಾ ಅಳತೆಯ ಕೆಲಸಕ್ಕೆ ಅಡಿಪಾಯ ಹಾಕಿದ ವಿಲಿಯಂ ಲ್ಯಾಂಬ್ಟನ್, 1800ರಲ್ಲಿ ತನ್ನ ಮೊದಲ ಅಳತೆಯ ಗೆರೆಯನ್ನು ಎಳೆದದ್ದು ಬೆಂಗಳೂರಿನ ಬಳಿ. ಮೇರಿ ತಾವೂ ಗಣಿತದ ಕಲಿಕೆಯ ಬಗ್ಗೆ ಬರೆದವರು. ಭಾರತೀಯ ಚಿಂತನೆಗೂ ತಮ್ಮ ಗಂಡನ ಕೆಲಸಕ್ಕೂ ನಂಟಿದೆಯೆಂದು 1901ರಲ್ಲಿ ಬರೆದರು. ಆ ನಂಟು ಎಷ್ಟು ಗಟ್ಟಿಯೆಂಬುದನ್ನು ಗಣಿತ ಬಲ್ಲವರು ತೀರ್ಮಾನಿಸಲಿ, ಆದರೆ ಹಾಗೆ ಯೋಚಿಸಿದ ಹೆಣ್ಣುಮಗಳೊಬ್ಬಳಿದ್ದಳು ಎಂಬುದು ತಿಳಿದಿರಲಿ.

ಚೌಕದ ಹತ್ತಿರ ವೈಟ್ ಹಾರ್ಟ್ ಎಂಬ ಹೋಟೆಲಿದೆ. 1915ರಲ್ಲಿ ವಿಲಿಯಂ ಟ್ರಿಟನ್ ಮತ್ತು ವಾಲ್ಟರ್ ವಿಲ್ಸನ್ ಎಂಬ ಎಂಜಿನಿಯರುಗಳು ಅಲ್ಲಿಯ ಕೋಣೆಯಲ್ಲಿ ಕುಳಿತು ಯುದ್ಧದ ಟ್ಯಾಂಕಿನ ನಕ್ಷೆಯ ಮೇಲೆ ಕೆಲಸ ಮಾಡಿದರು. ಕೆಳಗಿನ ಊರಿನ ಫಾಸ್ಟರ್ ಕಾರ್ಖಾನೆಯಲ್ಲಿ ಅದು ತಯಾರಾಯಿತು. ಒಕ್ಕಣೆ ಯಂತ್ರಗಳನ್ನು ಮಾಡುತ್ತಿದ್ದ ಕಾರ್ಖಾನೆ ಅದು. ರೈತರಿಗೆ ಉಪಕರಣ ಮಾಡಿ ಪಳಗಿದ ಕೈಗಳೇ ಮೊದಲನೆಯ ಮಹಾಯುದ್ಧದಲ್ಲಿ, 1916ರ ಸೊಮ್ ಕದನಕ್ಕೆ, ಟ್ಯಾಂಕುಗಳನ್ನು ಕಳಿಸಿದವು. ಎರಡನೆಯ ಮಹಾಯುದ್ಧದಲ್ಲಿ ಈ ಸೀಮೆ ಬಾಂಬರ್ ವಿಮಾನಗಳ ನೆಲೆಯಾಗಿತ್ತು. ಹಿಂತಿರುಗುವ ವಿಮಾನ ಸಿಬ್ಬಂದಿಗೆ ಮನೆ ಹತ್ತಿರವಾಯಿತೆಂದು ತಿಳಿಯುತ್ತಿದ್ದುದು ಕ್ಯಾಥೆಡ್ರಲ್ಲಿನ ಗೋಪುರ ಕಂಡಾಗ. ಎದುರಿನ ಕ್ಯಾನಿಕ್ ದಿಬ್ಬದ ಮೇಲೆ 2018ರಲ್ಲಿ ತೆರೆದ ಸ್ಮಾರಕ ಕೇಂದ್ರದಲ್ಲಿ, ಬಾಂಬರ್ ಪಡೆಯಲ್ಲಿ ದುಡಿಯುತ್ತ ಸತ್ತ ಸುಮಾರು 58,000 ಜನರ ಹೆಸರುಗಳನ್ನು ಕೆತ್ತಿದ್ದಾರೆ. ಬಾಂಬು ಬಿದ್ದ ಊರುಗಳಲ್ಲಿದ್ದವರ ನೆನಪುಗಳನ್ನೂ ಅಲ್ಲಿ ಸಂಗ್ರಹಿಸಿಟ್ಟಿದ್ದಾರೆ. ಅದಕ್ಕೆ ಅರ್ಧ ದಿನ ಬೇಕು, ಇದೇ ದಿನಕ್ಕೆ ತುರುಕಬೇಡಿ.

ಕೊನೆಯಲ್ಲಿ ಕೆಲವು ವ್ಯವಹಾರದ ಮಾತುಗಳು. ಭಾನುವಾರ ಕ್ಯಾಥೆಡ್ರಲ್ಲಿನಲ್ಲಿ ಪ್ರಾರ್ಥನೆಗಳು ಹೆಚ್ಚಿರುವುದರಿಂದ ಸುತ್ತಾಡಿ ನೋಡುವುದು ಕಷ್ಟ. ವಾರದ ದಿನ ಹೋದರೆ ಒಳ್ಳೆಯದು. ಕ್ಯಾಥೆಡ್ರಲ್ ನೋಡಲು ಟಿಕೆಟ್ ಇದೆ, ಪ್ರಾರ್ಥನೆಗೆ ಹೋಗುವವರಿಗಿಲ್ಲ. ಕೋಟೆಯ ಅಂಗಳಕ್ಕೆ ಟಿಕೆಟ್ ಇಲ್ಲ. ಗೋಡೆ, ಸೆರೆಮನೆ, ಸನ್ನದುಗಳಿಗೆ ಸೇರಿ ಟಿಕೆಟ್ ಕೊಡುತ್ತಾರೆ. ಸಸ್ಯಾಹಾರಿಗಳು ಒಂದು ವಿಷಯ ಗಮನಿಸಬೇಕು: ಒಣಹಣ್ಣು ಹಾಕಿದ ಪ್ಲಮ್ ಬ್ರೆಡ್ ಇಲ್ಲಿಯ ಹೆಸರುವಾಸಿ ತಿಂಡಿ, ಆದರೆ ಹಳೆಯ ಪದ್ಧತಿಯಲ್ಲಿ ಅದಕ್ಕೆ ಹಂದಿಯ ಕೊಬ್ಬು ಬಳಸುತ್ತಾರೆ. ಬೆಣ್ಣೆಯಿಂದ ಮಾಡಿದ್ದೂ ಸಿಗುತ್ತದೆ, ಅಂಗಡಿಯಲ್ಲಿ ಕೇಳಿ ಕೊಳ್ಳಿ. ಕಾಲಿಗೆ ಹಿಡಿತವಿರುವ ಶೂ ಹಾಕಿಕೊಳ್ಳಿ. ಸ್ಟೀಪ್ ಹಿಲ್ ಹತ್ತುವುದಕ್ಕಿಂತ ಇಳಿಯುವುದು ಮಂಡಿಗೆ ಕಷ್ಟ, ಹಾಗಾಗಿ ಸಂಜೆಯ ರೈಲಿಗೆ ಅರ್ಧ ಗಂಟೆ ಹೆಚ್ಚಿಗೆ ಇಟ್ಟುಕೊಂಡು ಮೇಲಿನಿಂದ ಹೊರಡಿ.